ಗಂಟೆಯ ನಾಲಗೆಗೆ ಕಾಲುಚೀಲ

“ಈ ಪುಣ್ಯಾತ್ಮ ನಿದ್ದೆ ಅಂತ ಮಾಡ್ತಿದ್ದದ್ದಾದರೂ ಯಾವಾಗ?”

ತ್ಯಾಗರಾಜರು ಯಾರನ್ನೋ ಉದ್ದೇಶಿಸಿ ಕೇಳಿದ್ದಲ್ಲ. ಕೋಣೆಯಲ್ಲಿ ಮನುಷ್ಯರೇ ಇರಲಿಲ್ಲ. ಇದ್ದದ್ದು ಒಂದು ಕಬ್ಬಿಣದ ಮಂಚ, ಬೂದುಬಣ್ಣದ ಕಂಬಳಿ, ಅಗಲ ಬಾಯಿಯ ಪಿಂಗಾಣಿ ಹೂಜಿ, ಮಂಚದ ತಲೆದಿಸೆಗೆ ಗೋಡೆಯಲ್ಲಿ ತೂಗುಹಾಕಿದ್ದ ಹಿತ್ತಾಳೆಯ ಗಂಟೆ. ಪ್ರತಿ ಶನಿವಾರ ಬೆಳಗ್ಗೆ ಧೂಳು ಹೊಡೆಯುತ್ತ ಆ ಗಂಟೆಯ ಹತ್ತಿರ ಬಂದಾಗ ಈ ಪ್ರಶ್ನೆ ತಾನಾಗಿ ಅವರ ಬಾಯಿಂದ ಬೀಳುತ್ತಿತ್ತು. ಗಂಟೆ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಅದರ ನಾಲಗೆಯನ್ನು ಬಿಚ್ಚಿ, ತೂತುಬಿದ್ದ ಒಂದು ಉಣ್ಣೆಯ ಕಾಲುಚೀಲದ ಸಮೇತ, ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು.

ಅಮೆರಿಕದ ಕ್ಲಾರ್ಕ್ಸ್‌ಬರ್ಗ್‌ನ ಅವರ ಮನೆಯಿಂದ ಅರ್ಧ ಗಂಟೆ ಕಾರು ಓಡಿಸಿದರೆ ಸಿಗುವ ಹಳೆಯ ಊರದು. ಅಲ್ಲಿ ಎಂದೋ ಮುಚ್ಚಿಹೋಗಿದ್ದ ಕಲ್ಲುಕಟ್ಟಡದ ಆಸ್ಪತ್ರೆಯನ್ನು ಪುಟ್ಟದೊಂದು ಮ್ಯೂಸಿಯಂ ಮಾಡಿದ್ದರು. ಶ್ಯಾಂಟಿಲಿಯ ಕಂಪನಿಯೊಂದರಲ್ಲಿ ಕೂತು ಸರ್ಕಾರದ ಡೇಟಾಬೇಸುಗಳನ್ನು ಕಾಯ್ದು ರಿಟೈರ್ ಆದ ಮೇಲೆ ತ್ಯಾಗರಾಜರು ಇಲ್ಲಿ ಸಂಬಳವಿಲ್ಲದ ಗೈಡ್ ಆಗಿ ಸೇರಿದ್ದರು. ಅವರ ಪಾಲಿಗೆ ಬಂದದ್ದು ಈ ಒಂದು ಕೋಣೆ, ಹೌಸ್ ಡಾಕ್ಟರನ ಕೋಣೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇಂಥ ಆಸ್ಪತ್ರೆಗೆ ಸೇರಿದ ಎಳೆಯ ಡಾಕ್ಟರು ಅಲ್ಲೇ ವಾಸ ಮಾಡಬೇಕಿತ್ತು. ಊಟ, ಮಂಚ, ಬಟ್ಟೆ ಒಗೆಸಿಕೊಡುವುದು, ಇಷ್ಟಕ್ಕೆ ಸಂಬಳ ಮುಗಿಯಿತು. ಮದುವೆ ಆಗುವ ಹಾಗಿರಲಿಲ್ಲ. ಈಗಲೂ ಕಲಿಯುವ ಡಾಕ್ಟರುಗಳನ್ನು ರೆಸಿಡೆಂಟ್ ಅನ್ನುವುದು ಅದಕ್ಕೇ. ಈ ಕೋಣೆಯಲ್ಲಿದ್ದವನ ಹೆಸರು ಪೆಲಮ್. ವಾರ್ಡಿನಲ್ಲಿ ಯಾರಾದರೂ ಹಗ್ಗ ಎಳೆದರೆ ಅವನ ತಲೆಯ ಮೇಲೆ ಗಂಟೆ ಹೊಡೆದುಕೊಳ್ಳುತ್ತಿತ್ತು. ಒಂದು ಚಳಿಗಾಲದ ರಾತ್ರಿ ಪೆಲಮ್ ತನ್ನ ಕಾಲುಚೀಲವನ್ನು ಬಿಚ್ಚಿ ಗಂಟೆಯ ನಾಲಗೆಗೆ ತೊಡಿಸಿ ಮಲಗಿದ. ವಾರ್ಡಿನಿಂದ ಎಳೆದರು, ಎಳೆದರು. ಗಂಟೆ ಸುಮ್ಮನೆ ತಲೆಯಾಡಿಸಿತು. ಬೆಳಗ್ಗೆ ಅವನು ಎದ್ದಾಗ ಕೆಲಸ ಹೋಗಿತ್ತು. ಅವತ್ತು ಯಾರೂ ಸಾಯಲಿಲ್ಲ ಎಂಬ ಮಾತನ್ನು ತ್ಯಾಗರಾಜರು ಪ್ರತಿ ಸಲವೂ ಮರೆಯದೆ ಸೇರಿಸುತ್ತಿದ್ದರು. ಪೆಲಮ್‌ನ ಮಾನ ಕಾಯುವವರು ತಮ್ಮನ್ನು ಬಿಟ್ಟರೆ ಈ ಲೋಕದಲ್ಲಿ ಇನ್ಯಾರೂ ಇಲ್ಲ ಎಂಬ ಭಾವನೆ ಅವರಿಗೆ ಹೇಗೋ ಬಂದುಬಿಟ್ಟಿತ್ತು.

ಮಾತಾಡುವ ಕೆಲಸ ಅವರಿಗೆ ಒಗ್ಗಿದ್ದೇ ಒಂದು ಆಶ್ಚರ್ಯ. ತ್ಯಾಗರಾಜರು ಹುಟ್ಟಾ ಮೌನಿ, ಕೇಳುವ ಕಿವಿಯ ಮನುಷ್ಯ. ಮೈಸೂರಿನಲ್ಲಿ ಸೋದರಮಾವ ದೇವರ ಮನೆಯ ಮುಂದೆ ಕೂತು ಷಟ್ಪದಿಗಳನ್ನು ರಾಗವಾಗಿ ಓದುವುದನ್ನು ಕೇಳುತ್ತ ಬೆಳೆದವರು, ಮುಂದೆ ತಾವೂ ಗಮಕಿಯಾದರು. ಗಮಕಕ್ಕೆ ಇಬ್ಬರು ಬೇಕು. ಒಬ್ಬರು ಪದ್ಯ ಹಾಡಿ ನಿಲ್ಲಿಸುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಅರ್ಥ ಮುಗಿಯುವ ತನಕ ಹಾಡುವವನು ಮುಂದಿನ ಪದ್ಯಕ್ಕೆ ಕೈಹಾಕುವಂತಿಲ್ಲ. ಮಾತು ಬಾರದವನಿಗೆ ಹೇಳಿ ಮಾಡಿಸಿದ ಏರ್ಪಾಡು. ಆದರೆ ಎಷ್ಟೋ ವರ್ಷ ಅವರ ಪಕ್ಕದಲ್ಲಿ ಕೂತು ಅರ್ಥ ಹೇಳಿದ ಗೆಳೆಯರು ಹೋದ ವರ್ಷ ಅಟ್ಲಾಂಟಾ ಕಡೆ, ನಾರ್‌ಕ್ರಾಸ್‌ನ ಮಗಳ ಮನೆಗೆ ಹೊರಟುಹೋದರು. ಝೂಮ್‌ನಲ್ಲಿ ಮಾಡಿ ನೋಡಿದರು. ಇವರು ಎರಡನೆಯ ಪದ್ಯದ ನಡುವಿನಲ್ಲಿರುವಾಗ ಮೊದಲನೆಯದರ ಅರ್ಥ ನಾರ್‌ಕ್ರಾಸ್‌ನಿಂದ ಬಂದು ತಲುಪುತ್ತಿತ್ತು. ಕೇಳುವವರು ಬಹಳ ಸೌಜನ್ಯದಿಂದ ಎರಡನ್ನೂ ಕೇಳಿ, ಯಾವುದೂ ತಿಳಿಯದೆ ಎದ್ದುಹೋದರು.

ಹಾಗಾಗಿ ಇವತ್ತು ಸಂಜೆ ಶ್ಯಾಂಟಿಲಿಯ ಬದರಿನಾಥರ ಮನೆಯ ಬೇಸ್‌ಮೆಂಟಿನಲ್ಲಿ ನಡೆಯುವ ವಾಚನಕ್ಕೆ ಅರ್ಥ ಹೇಳುವವಳು ಅಕ್ಷಯಾ, ಅವರ ಮಗಳು.

ಅಕ್ಷಯಾ ಬಾಲ್ಟಿಮೋರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು. ಎರಡು ಸಾವಿರದ ಇಪ್ಪತ್ತರ ಬೇಸಗೆಯಲ್ಲಿ, ಇಡೀ ಜಗತ್ತು ಬಾಗಿಲು ಹಾಕಿಕೊಂಡು ಕೂತಿದ್ದಾಗ, ಅವಳು ರೆಸಿಡೆಂಟ್ ಆಗಿ ಆಸ್ಪತ್ರೆಯ ಬಾಗಿಲೊಳಗೆ ಹೋದವಳು. ಆಗ ಯಾರು ಏನು ಕೇಳಿದರೂ ಇಲ್ಲ ಅನ್ನುವ ಕಾಲವಾಗಿರಲಿಲ್ಲ. ಇನ್ನೊಂದು ರಾತ್ರಿ ಇರ್ತೀಯಾ? ಶ್ಯೂರ್. ಇನ್ನೊಂದು ವಾರ್ಡು ನೋಡ್ಕೋತೀಯಾ? ಶ್ಯೂರ್. ರೋಗ ಇಳಿಯಿತು, ರೆಸಿಡೆನ್ಸಿ ಮುಗಿಯಿತು, ಶ್ಯೂರ್ ಮಾತ್ರ ನಾಲಗೆಗೆ ಅಂಟಿಕೊಂಡು ಉಳಿಯಿತು. ಯಾರಿಗೆ ರಜಾ ಬೇಕಾದರೂ, ಯಾರ ಮಗುವಿನ ಹುಟ್ಟುಹಬ್ಬ ಬಂದರೂ, ಮೊದಲ ಫೋನು ಅಕ್ಷಯಾಗೆ. ಸಹೋದ್ಯೋಗಿಗಳೆಲ್ಲ ಅವಳನ್ನು ಬಹಳ ಪ್ರೀತಿಸುತ್ತಿದ್ದರು. ಪ್ರೀತಿಸದೆ ಏನು ಮಾಡುತ್ತಾರೆ.

ತ್ಯಾಗರಾಜರಿಗೆ ಮಗಳಿಂದ ಈಗ ಬೇಕಾಗಿದ್ದದ್ದು ಒಂದೇ. ಅವಳ ಬಾಯಿಂದ ಒಂದು ಸಲ, ಒಂದೇ ಸಲ, ‘ಇಲ್ಲ’ ಎಂಬ ಮಾತು ತಮ್ಮ ಕಿವಿಗೆ ಬೀಳಬೇಕು. ಅದಕ್ಕಾಗಿ ಅವರು ಗುರುವಾರ ಗುರುವಾರ ರಾಯರಿಗೆ ತುಪ್ಪದ ದೀಪ ಹಚ್ಚುತ್ತಿದ್ದರು. ಹೋದ ವಾರ ಊಟಕ್ಕೆ ಬಂದಾಗ ಉಪದೇಶವನ್ನೂ ಮಾಡಿದ್ದರು.

“ಇಂಗ್ಲಿಷಲ್ಲಿ ಹೇಳಿದ್ರೆ ಒಂದೇ ಅಕ್ಷರ, ಪುಟ್ಟಿ. ಕನ್ನಡದಲ್ಲಿ ಎರಡು. ಮೊದಲನೇ ಸಲ ಕಷ್ಟ, ಆಮೇಲೆ ಸಲೀಸು. ನಿನ್ನನ್ನ ಕೆಲಸದಿಂದ ತೆಗೆಯೋಕೆ ಆಗದೇ ಇರೋರ ಹತ್ರ ಶುರುಮಾಡು. ಅಭ್ಯಾಸ ಆಗುತ್ತೆ.”

“ಶ್ಯೂರ್, ಅಪ್ಪ,” ಅಂದಿದ್ದಳು ಅಕ್ಷಯಾ.

ಅದೇ ಉಸಿರಿನಲ್ಲಿ ಅವರು ಶನಿವಾರ ಅರ್ಥ ಹೇಳೋಕೆ ಬರ್ತೀಯಾ ಎಂದು ಕೇಳಿದ್ದರು. ಅದಕ್ಕೂ ಅವಳು ಶ್ಯೂರ್ ಅಂದಿದ್ದಳು. ಆಗ ಅವರ ಹೆಂಡತಿ ಊರ್ಮಿಳಾ ಹುಳಿಯ ಸೌಟನ್ನು ಗಾಳಿಯಲ್ಲೇ ಹಿಡಿದು, ಗಂಡನ ಮುಖವನ್ನು ಒಂದು ಥರ ನೋಡಿ ಬಡಿಸಿದ್ದರು.

ಧೂಳು ಹೊಡೆದು ಮುಗಿಯುವಷ್ಟರಲ್ಲಿ ಅಕ್ಷಯಾ ಬಂದಳು. ರಾತ್ರಿ ಪಾಳಿ ಮುಗಿಸಿ, ಮನೆಗೂ ಹೋಗದೆ, ಬಾಡಿಗೆ ಕಾರಿನಲ್ಲಿ ನೇರ ಇಲ್ಲಿಗೆ. ಮೈಮೇಲೆ ಆಸ್ಪತ್ರೆಯ ನೀಲಿ ಬಟ್ಟೆ, ಕಣ್ಣುಗಳು ಮುಖದ ಹಿಂದೆಲ್ಲೋ ಹೋಗಿ ಕೂತಿದ್ದವು. ಅಪ್ಪನ ಡ್ಯೂಟಿ ಮುಗಿಯುವ ತನಕ ಇಬ್ಬರೂ ಪದ್ಯಗಳನ್ನು ಒಂದು ಸಲ ನೋಡಿಕೊಳ್ಳುವುದು, ಆಮೇಲೆ ಮನೆಗೆ ಹೋಗಿ ಅಮ್ಮನನ್ನೂ ಪುಳಿಯೋಗರೆಯನ್ನೂ ಹತ್ತಿಸಿಕೊಂಡು ಶ್ಯಾಂಟಿಲಿಗೆ ಹೊರಡುವುದು ಎಂದು ಮಾತಾಗಿತ್ತು. ನೋಡಲು ಬಂದವರು ಕೂರಲೆಂದು ಗೋಡೆಯುದ್ದಕ್ಕೂ ಬೆಂಚು ಹಾಕಿದ್ದರೂ ಅವಳ ಕಣ್ಣಿಗೆ ಬಿದ್ದದ್ದು ಆ ಮಂಚವೊಂದೇ. ಅದನ್ನು ಕೈಗವಸು ಇಲ್ಲದೆ ಮುಟ್ಟಬಾರದು ಎಂದು ಬೋರ್ಡು ಇತ್ತು. ಅಕ್ಷಯಾ ಮಖಮಲ್ಲಿನ ಹಗ್ಗ ದಾಟಿ ಅದರ ಅಂಚಿನಲ್ಲಿ ಕೂತು, “ಓದು ಅಪ್ಪ, ಕೇಳಿಸ್ಕೋತೀನಿ” ಅಂದಳು. ತ್ಯಾಗರಾಜರು ಕೋಟಿನ ಜೇಬಿನಿಂದ ಪದ್ಯದ ಹಾಳೆ ತೆಗೆದು, ಕನ್ನಡಕ ಹಾಕಿಕೊಂಡು ತಿರುಗುವಷ್ಟರಲ್ಲಿ ಮಗಳು ಅಡ್ಡವಾಗಿದ್ದಳು. ಶೂಗಳು ಕಾಲಲ್ಲೇ ಇದ್ದವು.

ಮಲಗಿದವರನ್ನು ಎಬ್ಬಿಸಬಾರದು ಎಂಬುದು ಸೋದರಮಾವನ ಮನೆಯ ಕಟ್ಟುನಿಟ್ಟು. ನಿದ್ದೆ ದೇವರು ಕೊಟ್ಟ ಪ್ರಸಾದ, ಅದನ್ನು ಕೈಯಿಂದ ಬೀಳಿಸಬಾರದು ಅನ್ನುತ್ತಿದ್ದರು. ತ್ಯಾಗರಾಜರು ಸದ್ದಿಲ್ಲದೆ ಶೂ ಬಿಚ್ಚಿದರು. ನೂರು ವರ್ಷದ ಕಂಬಳಿಯನ್ನು ಕತ್ತಿನ ತನಕ ಹೊದಿಸಿದರು. ಹಗ್ಗವನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿದರು. ಅದೃಷ್ಟಕ್ಕೆ, ಆ ಮಂಚದಲ್ಲಿ ಸದಾ ಮಲಗಿರುತ್ತಿದ್ದ ಮೇಣದ ಪೆಲಮ್‌ನ ಕಿವಿಯನ್ನು ಹಿಂದಿನ ವಾರ ಯಾವುದೋ ಮಗು ಮುರಿದು, ಗೊಂಬೆಯನ್ನು ರಿಪೇರಿಗೆ ಕಳಿಸಿದ್ದರು. ‘ಹೌಸ್ ಡಾಕ್ಟರ್, ನಿದ್ರೆಯಲ್ಲಿ’ ಎಂಬ ಫಲಕ ಹಾಗೇ ಉಳಿದಿತ್ತು. ಒಟ್ಟಿನಲ್ಲಿ ಫಲಕ ಸುಳ್ಳು ಹೇಳುತ್ತಿರಲಿಲ್ಲ.

ಅಷ್ಟರಲ್ಲಿ ಹೂಜಿಯಿಟ್ಟ ಮರದ ಸ್ಟ್ಯಾಂಡಿನ ಮೇಲೆ ಅಕ್ಷಯಾಳ ಫೋನು ಗುರ್ ಗುರ್ ಎಂದು ನಡುಗತೊಡಗಿತು. ಪರದೆಯ ಮೇಲೆ ಆಸ್ಪತ್ರೆಯ ಹೆಸರು. ಪಾಳಿ ಹಂಚುವವರು. ತ್ಯಾಗರಾಜರು ಅದರ ಕಡೆ ಕೈ ಚಾಚಿದರು. ಅದು ನಿಂತಿತು ಅನ್ನುವಷ್ಟರಲ್ಲಿ ಅವರದೇ ಜೇಬಿನ ಫೋನು ನಡುಗಿತು. ಊರ್ಮಿಳಾ. ಪೇಪರ್ ತಟ್ಟೆ ತರಬೇಕಂತೆ.

ಅವರು ಬಾಯಿಗೆ ಕೈ ಅಡ್ಡ ಹಿಡಿದು, ಪಿಸುಮಾತಿನಲ್ಲಿ ಇರುವ ಸಂಗತಿ ಹೇಳಿ, ಆಸ್ಪತ್ರೆಯ ಫೋನು ಮತ್ತೆ ಬಂದರೆ ತಾವೇ ತೆಗೆದು ‘ಅವಳು ಬರಲ್ಲ’ ಎಂದುಬಿಡಲೇ ಎಂದು ಕೇಳಿದರು.

“ಅವಳಿಗೆ ಮೂವತ್ತೊಂದು ವರ್ಷ ಕಣ್ರೀ. ಸ್ಕೂಲಿಗೆ ಜ್ವರ ಅಂತ ಹೇಳೋ ಥರ ಹೇಳ್ತೀರಾ?”

“ಮತ್ತೆ ಅವಳು ಹೇಳಲ್ವಲ್ಲ, ಊರ್ಮಿಳಾ. ಅವಳಿಗೆ ಯಾಕೆ ಇಲ್ಲ ಅನ್ನೋಕೆ ಬರಲ್ಲ?”

ಆ ಕಡೆ ಒಗ್ಗರಣೆ ಚಟಪಟ ಅಂದಿತು. “ಹತ್ತು ವರ್ಷ ಅದರ ತಲೆದಿಂಬಿನ ಹತ್ರ ಕೂತು ಏನು ಹಾಡಿದ್ರಿ ನೀವು? ಕೇಳಿದವರಿಗೆ ಇಲ್ಲ ಅನ್ನದ ದಾನಿ ಕಥೆ. ಮೈಮೇಲಿನ ಚರ್ಮ ಕೇಳಿದ್ರೂ ಕೊಟ್ಟ, ಆಹಾ, ಓಹೋ ಅಂತ. ಇವತ್ತು ಸಂಜೆ ಹಾಡ್ತಿರೋದೂ ಅದೇ. ಈಗ ಬಂದು ನನ್ನ ಕೇಳ್ತೀರಾ ಯಾಕೆ ಅಂತ. ತಟ್ಟೆ ಮರೀಬೇಡಿ.”

ತ್ಯಾಗರಾಜರು ಫೋನನ್ನು ಜೇಬಿಗೆ ಹಾಕಿದರು. ಮದುವೆಯಾಗಿ ನಲವತ್ತು ವರ್ಷಗಳಾಗುತ್ತ ಬಂದರೂ ಊರ್ಮಿಳಾ ಒಂದೇ ಒಂದು ಪದ್ಯಕ್ಕೂ ಅರ್ಥ ಹೇಳಲು ಒಪ್ಪಿರಲಿಲ್ಲ. ಒಪ್ಪಿದ್ದರೆ ತಮ್ಮ ವಾಚನಕ್ಕೆ ಜನ ಇನ್ನೂ ಹೆಚ್ಚು ಬರುತ್ತಿದ್ದರೇನೋ ಅನ್ನಿಸಿತು.

ಮಗಳ ಫೋನು ಮತ್ತೆ ಗುರುಗುಟ್ಟಿತು. ಮರದ ಮೇಲೆ ಆ ಸದ್ದು ಕಲ್ಲಿನ ಗೋಡೆಗಳಿಗೆ ತಾಗಿ ದುಂಬಿಯ ಗೂಡಿನ ಹಾಗೆ ಮೊರೆಯಿತು. ಅಕ್ಷಯಾ ನಿದ್ದೆಯಲ್ಲೇ ಹುಬ್ಬು ಗಂಟಿಕ್ಕಿದಳು. ಅದನ್ನು ಆಫ್ ಮಾಡುವುದು ಹೇಗೆಂದು ಅವರಿಗೆ ಗೊತ್ತಾಗಲಿಲ್ಲ. ಯಾವ ಗುಂಡಿ ಒತ್ತಿದರೂ ಅದು ಮಗಳ ಮುಖ ತೋರಿಸು ಅನ್ನುತ್ತಿತ್ತು. ತ್ಯಾಗರಾಜರು ಸುತ್ತ ನೋಡಿದರು. ಗಾಜಿನ ಪೆಟ್ಟಿಗೆಯಲ್ಲಿ ಪೆಲಮ್‌ನ ಕಾಲುಚೀಲ ಕಂಡಿತು. ಒಂದು ಕ್ಷಣ ಯೋಚಿಸಿ, ಗೋಡೆಗೆ ಒರಗಿ, ತಮ್ಮ ಬಲಗಾಲಿನ ಶೂ ಬಿಚ್ಚಿ, ಕಾಲುಚೀಲ ಎಳೆದು, ಫೋನನ್ನು ಅದರೊಳಗೆ ಇಳಿಸಿ, ಗಂಟುಕಟ್ಟಿ ಹೂಜಿಯೊಳಗೆ ಬಿಟ್ಟರು. ಸದ್ದು ಉಡುಗಿಹೋಯಿತು. ಇನ್ನೇನು ಶೂ ಹಾಕಿಕೊಳ್ಳಬೇಕು, ಅಷ್ಟರಲ್ಲಿ ಹಜಾರದಲ್ಲಿ ಕನ್ನಡ ಕೇಳಿಸಿತು.

ಕನ್ನಡ ಕೂಟದ ಹಿರಿಯರ ಪ್ರವಾಸ. ಅವರಿಗೆ ಅದು ಮರೆತೇಹೋಗಿತ್ತು. ಮುಂದಾಳು ದತ್ತಾತ್ರೇಯ, ತ್ಯಾಗರಾಜರ ವಾಕಿಂಗ್ ಗೆಳೆಯ, ವ್ಯಾನಿನ ತುಂಬ ಹಿರಿಯರನ್ನು ತುಂಬಿಕೊಂಡು, ದಾರಿಯಲ್ಲಿ ಪಾರ್ಕೊಂದರಲ್ಲಿ ಎಲ್ಲರಿಗೂ ಬೆಳಗ್ಗೆಯೇ ಚಿತ್ರಾನ್ನ, ಮೊಸರನ್ನ ಹಾಕಿಸಿ ಕರೆತಂದಿದ್ದರು. ಅವರ ಹಿಂದೆ ಅಲಮೇಲು, ಕೂಟದ ಎಲ್ಲ ಮದುವೆಗಳಿಗೂ ಹಪ್ಪಳ ಸರಬರಾಜು ಮಾಡುವವರು, ಯಾವುದೂ ಅವರ ಕಣ್ಣಿಗೆ ತಪ್ಪುವುದಿಲ್ಲ. ಕೋಣೆಯ ಬಾಗಿಲಲ್ಲಿ ಎಲ್ಲರೂ ಒಂದೇ ಸಲ ನಿಂತು ಮಂಚದ ಕಡೆ ನೋಡಿದರು.

“ಗೊಂಬೆ ಬಹಳ ಚೆನ್ನಾಗಿ ಮಾಡಿದಾರೆ ಕಣ್ರೀ,” ಅಂದರು ದತ್ತಾತ್ರೇಯ. “ಎದೆ ಏಳುತ್ತೆ, ಇಳಿಯುತ್ತೆ.”

ಮೋಟರ್ ಇಟ್ಟಿರುತ್ತಾರೆ ಎಂದು ಹಿಂದಿನಿಂದ ಯಾರೋ ಹೇಳಿದರು.

“ಗೊರಕೆ ಬೇರೆ ಇಟ್ಟಿದಾರೆ,” ಅಂದರು ಅಲಮೇಲು. “ಈ ದೇಶದವರು ಏನು ಮಾಡಿದ್ರೂ ಪೂರ್ತಿ ಮಾಡ್ತಾರಪ್ಪ.”

ತ್ಯಾಗರಾಜರು ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಆದರೆ ಸುಮ್ಮನಿರುವ ಅಭ್ಯಾಸ ಬೇಕಾದಷ್ಟಿತ್ತು. ಹೌಸ್ ಡಾಕ್ಟರುಗಳ ಕಥೆಯನ್ನು ಮೆಲುದನಿಯಲ್ಲಿ ಶುರುಮಾಡಿದರು. ಅಲ್ಲೇ ವಾಸ, ಅಲ್ಲೇ ಊಟ, ಮದುವೆ ಇಲ್ಲ. ಅಲಮೇಲು ಹಗ್ಗದ ಮೇಲೆ ಬಾಗಿ ನೋಡುತ್ತಲೇ ಇದ್ದರು.

“ಅಲ್ಲ ತ್ಯಾಗರಾಜ್, ನೂರು ವರ್ಷದ ಹಿಂದೆ ಅಮೆರಿಕದ ಗಂಡು ಡಾಕ್ಟರು ಮೂಗುಬೊಟ್ಟು ಹಾಕ್ಕೋತಿದ್ರಾ?”

ಉಳಿದವರೂ ಹಗ್ಗದ ಮೇಲೆ ಬಾಗಿದರು. ಮೂಗುಬೊಟ್ಟು ಫಳ್ಳನೆ ಹೊಳೆಯಿತು. ಅಲಮೇಲು ಕಣ್ಣು ಕೆಳಗಿಳಿಸಿ ತ್ಯಾಗರಾಜರ ಬಲಗಾಲನ್ನೂ ನೋಡಿದರು. “ನಿಮ್ಮ ಒಂದು ಸಾಕ್ಸ್ ಎಲ್ಲಿ?”

ಆಗ ಅವರು ಒಪ್ಪಿಕೊಂಡರು. ಮಗಳು. ರಾತ್ರಿಯೆಲ್ಲ ಡ್ಯೂಟಿ. ಐದು ನಿಮಿಷ ಎಂದು ಕೂತಳು. ಹಿರಿಯರೆಲ್ಲ ಮುಖಮುಖ ನೋಡಿಕೊಂಡರು. ಅಲಮೇಲು ಮೊದಲು ಬಾಯಿಗೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಬೆಕ್ಕಿನ ಹೆಜ್ಜೆಯಲ್ಲಿ ಗೋಡೆಯ ಉದ್ದಕ್ಕೂ ಇದ್ದ ಬೆಂಚಿಗೆ ಹೋಗಿ ಕೂತರು. ಉಳಿದವರೂ ದೇವಸ್ಥಾನಕ್ಕೆ ಬಂದವರ ಹಾಗೆ ಚಪ್ಪಲಿ ಬಿಟ್ಟು ಹಿಂಬಾಲಿಸಿದರು.

ದತ್ತಾತ್ರೇಯರು ತಗ್ಗಿದ ದನಿಯಲ್ಲಿ ತಮ್ಮ ತಾತನ ವಿಷಯ ತೆಗೆದರು. ತಾತ ನಂಜನಗೂಡಿನ ಕಡೆ ದೊಡ್ಡ ಆಯುರ್ವೇದ ಪಂಡಿತರಂತೆ. ಮಧ್ಯಾಹ್ನ ಊಟವಾದ ಮೇಲೆ ನಾಡಿ ಮುಟ್ಟುತ್ತಿರಲಿಲ್ಲವಂತೆ. ಅರಮನೆಯ ಕಡೆಯಿಂದ ಆಳು ಬಂದರೂ ಜಗಲಿಯ ಮೇಲೆ ಕೂತು ಕಾಯಬೇಕಂತೆ. ನಮ್ಮ ವೈದ್ಯಪದ್ಧತಿಯಲ್ಲಿ ವೈದ್ಯನಿಗೂ ನಿದ್ದೆ ಇತ್ತು, ಈ ಗಂಟೆಗಿಂಟೆ ಎಲ್ಲ ಇವರದು, ಎಂದರು.

“ತಾತ ಮಲಗಿದ್ದಾಗ ಕಷಾಯ ಯಾರು ಕಾಯಿಸ್ತಿದ್ರು?” ಎಂದು ಕೇಳಿದರು ಅಲಮೇಲು.

“ಅಜ್ಜಿ.”

“ಬೇರು ಯಾರು ಅರೀತಿದ್ರು?”

“ಅಜ್ಜಿನೇ ಇರಬೇಕು.”

“ಅಜ್ಜಿ ಯಾವಾಗ ಮಲಗ್ತಿದ್ರು?”

ತಾತ ತೀರಿಕೊಂಡ ಮೇಲೆ ಇರಬಹುದು ಎಂದು ಯಾರೋ ಸೂಚಿಸಿದರು. ಬೆಂಚಿನ ಮೇಲೆ ಹೊಟ್ಟೆಯೊಳಗಿನ ನಗು ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿದುಹೋಯಿತು, ಸದ್ದಿಲ್ಲದೆ.

ಆದರೆ ಕೋಣೆಯ ವಿವರಣೆ ಪೂರ್ತಿ ಆಗಲೇಬೇಕಿತ್ತು. ಮ್ಯೂಸಿಯಂನ ಮೇಲ್ವಿಚಾರಕಿ ಮಾರ್ಗರೆಟ್, ರಿಟೈರ್ ಆದ ಮೇಷ್ಟರಮ್ಮ, ಯಾವ ಕೋಣೆಯಿಂದಲೂ ದನಿ ಬರದಿದ್ದರೆ ಏನಾಯಿತೆಂದು ನೋಡಲು ಓಡಿಬರುವವಳು. ಹಾಗಾಗಿ ತ್ಯಾಗರಾಜರು ತಮಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದರು. ಪೆಲಮ್‌ನ ಕಥೆಯನ್ನು ಕನ್ನಡದಲ್ಲಿ, ರಾಗವಾಗಿ ಹೇಳತೊಡಗಿದರು. ನೀಲಾಂಬರಿ. ತೊಟ್ಟಿಲು ತೂಗುವ ರಾಗ. ಅಕ್ಷಯಾ ಎಳೆಯ ಮಗುವಾಗಿದ್ದಾಗ ಹಲ್ಲು ಬರುವ ಸಂಕಟಕ್ಕೆ ರಾತ್ರಿ ಅಳುತ್ತಿದ್ದರೆ ಅವರು ಹಾಡುತ್ತಿದ್ದ ರಾಗ. ಮಂಚ, ಹಗ್ಗ, ಗಂಟೆ, ವಾರ್ಡಿನ ಕೆಮ್ಮು, ಕಿಟಕಿಯ ಹೊರಗಿನ ಹಿಮ, ಎಲ್ಲ ಒಂದೊಂದಾಗಿ ಆ ರಾಗದೊಳಗೆ ಬಂದು ಕೂತವು. ಪೆಲಮ್ ಎಂಬ ಹೆಸರು ನೀಲಾಂಬರಿಗೆ ಇಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಅವರಿಗೆ ಇವತ್ತಿನ ತನಕ ತಿಳಿದಿರಲಿಲ್ಲ. ಕಣ್ಣು ಮುಚ್ಚಿ, ಮೈಮರೆತು, ಎಳೆದು ಎಳೆದು ಹಾಡಿದರು.

ಕಣ್ಣು ತೆರೆದಾಗ ದತ್ತಾತ್ರೇಯರ ಗಲ್ಲ ಎದೆಗೆ ಇಳಿದಿತ್ತು. ಅಲಮೇಲು ಪಕ್ಕದವರ ಭುಜಕ್ಕೆ ಒರಗಿದ್ದರು, ಪಕ್ಕದವರು ಗೋಡೆಗೆ. ಮೊಸರನ್ನವೂ ರಾಗವೂ ಕೂಡಿ ಇಡೀ ಬೆಂಚು ಮಲಗಿತ್ತು. ಕೆಲವರ ಬಾಯಿ ತೆರೆದಿತ್ತು. ಗೊರಕೆಗಳು ಬೇರೆ ಬೇರೆ ಶ್ರುತಿಯಲ್ಲಿದ್ದವು, ಆದರೂ ತಾಳ ತಪ್ಪಿರಲಿಲ್ಲ.

ತ್ಯಾಗರಾಜರು ಹಾಡು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಯಾರಾದರೂ ಎದ್ದಾರು. ಪೆಲಮ್ ಕಾಲುಚೀಲ ಬಿಚ್ಚುವ ಕಡೆಗೆ ಬಂದರು. ಅದನ್ನು ಹಾಡಿನಲ್ಲೇ ನಾಲಗೆಗೆ ತೊಡಿಸಿದರು. ಗಂಟೆ ಮೂಕವಾಗಿ ತಲೆಯಾಡಿಸಿತು. ಆಗಲೇ ಬಾಗಿಲಲ್ಲಿ ಮಾರ್ಗರೆಟ್ ಕಾಣಿಸಿಕೊಂಡಳು. ಅವಳ ಕಣ್ಣು ಬೆಂಚಿನಿಂದ ಮಂಚಕ್ಕೆ, ಮಂಚದಿಂದ ತ್ಯಾಗರಾಜರ ಬರಿಗಾಲಿಗೆ ಹೋಗಿ ನಿಂತಿತು. ಅವರ ರಾಗ ನಡುವೆಯೇ ತುಂಡಾಯಿತು.

ಗಮಕದಲ್ಲಿ ಹಾಡುವವರು ನಿಲ್ಲಿಸಿದರೆ ಅರ್ಥ ಹೇಳುವವರು ಎದ್ದುಕೊಳ್ಳಬೇಕು. ಪುಟ್ಟ ವಯಸ್ಸಿನಲ್ಲಿ ಅಪ್ಪನ ಪಕ್ಕದಲ್ಲಿ ತೂಕಡಿಸುತ್ತ ಕೂತು ಅಕ್ಷಯಾ ಕಲಿತದ್ದು ಇದೊಂದನ್ನೇ: ದನಿ ನಿಂತರೆ ಎಚ್ಚರಾಗು. ಕಂಬಳಿ ಅಲುಗಿತು. ಅವಳು ಎದ್ದು ಕೂತಳು. ಕಣ್ಣು ಇನ್ನೂ ಪೂರ್ತಿ ತೆರೆದಿರಲಿಲ್ಲ.

“ಅಂದರೆ ಏನು ಅಂದ್ರೆ,” ಎಂದು ಶುರುಮಾಡಿದಳು, ಅವಳ ಆ ಅಮೆರಿಕದ ಕನ್ನಡದಲ್ಲಿ. “ಈ ಡಾಕ್ಟರ್‌ಗೆ ಪೇಷೆಂಟ್ಸ್ ಮೇಲೆ ಕೋಪ ಇಲ್ಲ. ಅವನಿಗೆ ಅವರು ಇಷ್ಟ. ಅವನಿಗೆ ಒಂದು ನೈಟ್, ಯಾರೂ ಏನೂ ಕೇಳಬಾರದು. ಒಂದೇ ನೈಟ್. ಅಷ್ಟೇ ಅರ್ಥ.”

ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಕಣ್ಣು ಬಿಟ್ಟಿದ್ದರು. ತ್ಯಾಗರಾಜರ ಕಣ್ಣು ತುಂಬಿಬಂತು. ಇಷ್ಟು ವರ್ಷ ಪೆಲಮ್‌ನ ಪರವಾಗಿ ಅವರು ಹೇಳಬೇಕೆಂದಿದ್ದದ್ದು ಇದನ್ನೇ, ಹೇಳಲು ಬಂದಿರಲಿಲ್ಲ. ಇವಳು ಸಂಜೆ ಅರ್ಥ ಹೇಳಿದರೆ ಬದರಿನಾಥರ ಬೇಸ್‌ಮೆಂಟಿನಲ್ಲಿ ಒಂದು ಕಣ್ಣೂ ಒಣಗಿರುವುದಿಲ್ಲ ಎಂದು ಅವರ ಮನಸ್ಸು ಆಗಲೇ ಶ್ಯಾಂಟಿಲಿಗೆ ಹೊರಟುಬಿಟ್ಟಿತು.

ಮಂಚದ ಮೇಲೆ ಕೂತಿರುವುದು ಡಾಕ್ಟರು ಎಂಬುದು ಬೆಂಚಿಗೆ ನಿಧಾನವಾಗಿ ನೆನಪಾಯಿತು. ಮೊದಲು ಎದ್ದವರು ಅಲಮೇಲು. ಮಂಡಿಯಲ್ಲಿ ಮೆಟ್ಟಿಲು ಇಳಿಯುವಾಗ ಕಟ್ ಅನ್ನುತ್ತದಂತೆ, ಹತ್ತುವಾಗ ಇಲ್ಲವಂತೆ, ಒಂದು ಸಲ ಮುಟ್ಟಿ ನೋಡುತ್ತೀಯೇನಮ್ಮ ಎಂದರು. ಅಕ್ಷಯಾ ಶ್ಯೂರ್ ಆಂಟಿ ಅಂದಳು. ದತ್ತಾತ್ರೇಯರು ಜೇಬಿನಿಂದ ಮಾತ್ರೆಯ ಡಬ್ಬಿ ತೆಗೆದು, ಬಿಳಿಯದನ್ನು ಬೆಳಗ್ಗೆ ತಿನ್ನಬೇಕೋ ಹಳದಿಯದನ್ನೋ, ಬಾಟಲಿ ಬೇರೆ ಬೇರೆ ಆಗಿಹೋಗಿದೆ ಎಂದರು. ಶ್ಯೂರ್ ಅಂಕಲ್, ನೋಡ್ತೀನಿ. ಹಗ್ಗದ ಆಚೆ ಒಂದು ಸಾಲು ತಾನಾಗಿ ಬೆಳೆಯಿತು. ಕೆಲವರು ಕಾಲುಚೀಲ ಬಿಚ್ಚಿ ಪಾದ ಸಿದ್ಧಮಾಡಿಕೊಂಡರು. ನೂರು ವರ್ಷದ ಮೇಲೆ ಆ ಕೋಣೆಯಲ್ಲಿ ಮತ್ತೆ ವೈದ್ಯವೃತ್ತಿ ಶುರುವಾಯಿತು.

ಮಾರ್ಗರೆಟ್ ಈ ಎಲ್ಲವನ್ನೂ ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. ಸಂತೋಷವಾಗಿತ್ತು. ಈ ಮ್ಯೂಸಿಯಂನಲ್ಲಿ ಇಷ್ಟು ಜೀವಂತವಾದದ್ದನ್ನು ತಾನು ಕಂಡಿಲ್ಲವೆಂದಳು. ನಿಜವಾದ ಡಾಕ್ಟರು, ನಿಜವಾದ ಸುಸ್ತು, ನಿಜವಾದ ನಿದ್ದೆ. ಪ್ರತಿ ಶನಿವಾರ ಬೆಳಗ್ಗೆ ಬಂದು ಇಲ್ಲಿ ಮಲಗಲು ಸಾಧ್ಯವೇ, ಸ್ವಯಂಸೇವೆಯಾಗಿ? ಜನರಿಗೆ ಡಾಕ್ಟರುಗಳ ದಣಿವು ಅರ್ಥವಾಗಬೇಕು, ಅಲ್ಲವೇ?

ಅಕ್ಷಯಾಳ ತುಟಿ ಮುಂದೆ ಬಂದು, ಆ ಹಾಳು ಶಬ್ದದ ಆಕಾರಕ್ಕೆ ದುಂಡಗಾಯಿತು. ಅಷ್ಟರಲ್ಲಿ ಹೂಜಿಯೊಳಗಿನಿಂದ, ಕಾಲುಚೀಲದ ಆಳದಿಂದ, ಏನೋ ಒಂದು ಜೀವಿ ನರಳಿದ ಹಾಗೆ ಸದ್ದು ಬಂತು. ಎಲ್ಲರೂ ಆ ಕಡೆ ತಿರುಗಿದರು. ತ್ಯಾಗರಾಜರು ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಹೂಜಿಯೊಳಗೆ ಕೈಬಿಟ್ಟು, ಕಾಲುಚೀಲವನ್ನು ಮೇಲೆತ್ತಿ, ಗಂಟು ಬಿಚ್ಚಿ ಫೋನನ್ನು ಮಗಳ ಕೈಯಲ್ಲಿಟ್ಟರು. ಅಕ್ಷಯಾ ಪರದೆಯನ್ನು ನೋಡಿದಳು. ಇವತ್ತು ರಾತ್ರಿ ಬರಲು ಆಗುತ್ತದೆಯೇ, ಬೇರೆ ಯಾರೂ ಇಲ್ಲ. ಗಾಜಿನ ಪೆಟ್ಟಿಗೆಯ ಕಾಲುಚೀಲವನ್ನು ನೋಡಿದಳು. ಅಪ್ಪನ ಕೈಯಲ್ಲಿದ್ದ ಕಾಲುಚೀಲವನ್ನು ನೋಡಿದಳು. ಅವರ ಬರಿಗಾಲನ್ನು ನೋಡಿ ಅವಳಿಗೆ ನಗು ಬಂತು. ನಕ್ಕ ಮೇಲೆ ಮುಖದ ಹಿಂದೆ ಹೋಗಿ ಕೂತಿದ್ದ ಕಣ್ಣುಗಳು ಸ್ವಲ್ಪ ಮುಂದಕ್ಕೆ ಬಂದವು.

ತ್ಯಾಗರಾಜರಿಗೆ ಇನ್ನು ತಡೆಯಲಾಗಲಿಲ್ಲ. ತಮ್ಮ ಜನ್ಮದಲ್ಲಿ ಎತ್ತಿರದಷ್ಟು ದನಿ ಎತ್ತಿ ಎಲ್ಲರನ್ನೂ ಹಿಂದಕ್ಕೆ ಸರಿಸಿದರು. ಮಂಡಿ ಸೋಮವಾರ ತೋರಿಸಬಹುದು, ಮಾತ್ರೆ ಫಾರ್ಮಸಿಯಲ್ಲಿ ಕೇಳಬಹುದು, ಮಾರ್ಗರೆಟ್‌ಗೆ ರಿಪೇರಿಯಾದ ಗೊಂಬೆ ಬರುತ್ತದೆ. ಈ ಹುಡುಗಿಯನ್ನು ಯಾಕೆ ಎಲ್ಲರೂ ಹೀಗೆ ಹರಿದು ತಿನ್ನುತ್ತೀರಿ? ಯಾರೂ ಏನೂ ಕೇಳಬಾರದು ಎಂದು ಈಗ ತಾನೇ ಹೇಳಿದಳಲ್ಲ, ಕಿವಿಗೆ ಬೀಳಲಿಲ್ಲವೇ? ಸಾಲು ಬೆಚ್ಚಿ ಬೆಂಚಿಗೆ ಹಿಂತಿರುಗಿತು. ಪಾದಗಳು ಮತ್ತೆ ಕಾಲುಚೀಲದೊಳಗೆ ಹೋದವು.

ಎಲ್ಲರೂ ದೂರವಾದ ಮೇಲೆ ತ್ಯಾಗರಾಜರು ಹಗ್ಗವನ್ನು ಕೊಕ್ಕೆಯಿಂದ ಬಿಡಿಸಿ, ಮಂಚದ ಹತ್ತಿರ ಬಂದು, ಮಗಳ ಶೂಗಳನ್ನು ಬಗ್ಗಿ ಜೋಡಿಸಿಟ್ಟರು. ಕೋಟಿನ ಜೇಬಿನಿಂದ ಪದ್ಯದ ಹಾಳೆ ಅರ್ಧ ಹೊರಗಿಣುಕಿತ್ತು.

“ಈಗ ನಿಮ್ಮ ಸರದಿನಾ, ತ್ಯಾಗರಾಜ್?” ಎಂದು ಬೆಂಚಿನಿಂದ ಅಲಮೇಲು ಕೇಳಿದರು.

ಅವರಿಗೆ ಆ ಮಾತು ಕೇಳಿಸಿತು. ಆದರೆ ಯಾಕೆ ಕೇಳಿದರೆಂದು ಹೊಳೆಯಲಿಲ್ಲ.

“ಏಳು ಪುಟ್ಟಿ,” ಅಂದರು. “ಹೊರಡೋಣ. ಆ ದಾನಿಯ ಪದ್ಯಕ್ಕೆ ಈಗ ಹೇಳಿದ ಹಾಗೇ ಅರ್ಥ ಹೇಳಿಬಿಡು, ಸಾಕು. ಎಲ್ಲರೂ ಕಾಯ್ತಿರ್ತಾರೆ. ಬರ್ತೀಯಲ್ಲ?”

ಅಕ್ಷಯಾ ಅಪ್ಪನ ಮುಖವನ್ನು ಬಹಳ ಪ್ರೀತಿಯಿಂದ ನೋಡಿದಳು. ತನ್ನನ್ನು ಎಂದೂ ಕೆಲಸದಿಂದ ತೆಗೆಯಲಾಗದ ಮನುಷ್ಯ. ಅವಳು ಫೋನನ್ನು ಅವರ ಕೈಯಲ್ಲಿದ್ದ ಕಾಲುಚೀಲದೊಳಗೆ ಮತ್ತೆ ಇಳಿಸಿದಳು. ಕಂಬಳಿಯನ್ನು ಕತ್ತಿನ ತನಕ ಎಳೆದುಕೊಂಡಳು.

“ಇಲ್ಲ, ಅಪ್ಪ,” ಅಂದಳು. “ನಾನು ಬರಲ್ಲ.”